ಮಾಸ್ತರ ಬೆನ್ನು

ಯರಗುಪ್ಪಿಯ ಕನ್ನಡ ಸಾಲಿಯಲ್ಲಿ ಓದುವಾಗ ನಾವು ನಮ್ಮ ಮಾಸ್ತರರನ್ನು ಮುಖಕ್ಕಿಂತ ಹೆಚ್ಚಾಗಿ ಬೆನ್ನಿನಿಂದ ಬಲ್ಲವರಾಗಿದ್ದೆವು. ಮುಖ ನೋಡಲು ಧೈರ್ಯ ಬೇಕು. ನೋಡಿದವನಿಗೆ ಪ್ರಶ್ನೆ ಖಚಿತ. ಅವರು ಖಡು ಹಿಡಿದು ಕರಿಹಲಗೆಯತ್ತ ತಿರುಗಿದ ಮೇಲೆಯೇ ನಮ್ಮ ಸಂಸಾರ ಶುರು. ಹುಣಸೆಕಾಯಿ ಕೈಯಿಂದ ಕೈಗೆ ದಾಟುವುದು, ಪಾಟಿಯ ಮಸಿಯನ್ನು ಮುಂದಿನವನ ಅಂಗಿಗೆ ಒರೆಸುವುದು, ನಿನ್ನೆಯ ಚಿಣಿಫಣಿ ತಕರಾರು ಕಣ್ಸನ್ನೆಯಲ್ಲೇ ಬಗೆಹರಿಯುವುದು, ಎಲ್ಲ ಆ ಬೆನ್ನಿನ ಹಿಂದೆ. ಕದಿಯುವವನು ಕಾವಲುಗಾರನ ಬೆನ್ನನ್ನು ಚೆನ್ನಾಗಿ ಓದಿಕೊಂಡಿರಬೇಕಲ್ಲ. ನಾವು ಪುಸ್ತಕಕ್ಕಿಂತ ಅದನ್ನೇ ಶ್ರದ್ಧೆಯಿಂದ ಓದಿದೆವು. ಗಣಿತದ ಮಾಸ್ತರರು ಲೆಕ್ಕ ಕೂಡಿಸುವಾಗ ಅವರ ಕಿವಿಗಳು ಸಣ್ಣಗೆ ಅಲ್ಲಾಡುತ್ತಿದ್ದವು. 'ಕೈಯಲ್ಲಿ ಎರಡು' ಬಂದಾಗ ಕ್ಷಣ ನಿಂತು ಮತ್ತೆ ನಡೆಯುತ್ತಿದ್ದವು. ಇನ್ನೊಬ್ಬರ ಬೆನ್ನಿನ ನಡುವೆ ಮೊದಲ ಪೀರಿಯಡ್ಡಿಗೇ ಬೆವರಿಳಿದಿದ್ದರೆ ಬಸ್ಸು ತಪ್ಪಿ ಸೈಕಲ್ಲು ತುಳಿದು ಬಂದಿದ್ದಾರೆ, ಇವತ್ತು ಹುಷಾರಾಗಿರಬೇಕು ಎಂದರ್ಥ. ಮತ್ತೊಬ್ಬರ ಕಾಲರು ಸವೆದದ್ದನ್ನು ಬಿಚ್ಚಿ, ತಿರುವಿ, ಮತ್ತೆ ಹೊಲಿಸಿದ್ದರು. ಪಗಾರ ಯಾವಾಗ ಆಗುತ್ತದೆಂಬ ಅಂದಾಜು ನಮಗೂ ಇತ್ತು.

ಭೂಗೋಲದ ಮಾಸ್ತರರ ಬೆನ್ನು ಇವೆಲ್ಲಕ್ಕೂ ಮಿಗಿಲು. ಅವರು ಖಡು ಎತ್ತದೆ ಕರ್ನಾಟಕದ ನಕಾಶೆ ತೆಗೆಯುತ್ತಿದ್ದರು. ಬೀದರಿನಿಂದ ಹೊರಟ ಗೆರೆ ರಾಯಚೂರು, ಬಳ್ಳಾರಿ ದಾಟಿ, ಕೋಲಾರ ಬಳಸಿ, ಚಾಮರಾಜನಗರದ ಕೆಳಗೆ ಹಾದು, ಮಂಗಳೂರಿನಲ್ಲಿ ಸಮುದ್ರ ಕಂಡು, ಕಾರವಾರ, ಬೆಳಗಾಂವಿ, ವಿಜಾಪುರ ಎಂದು ಏರುತ್ತ ಬೀದರಿಗೇ ಬಂದು ಕೂಡುತ್ತಿತ್ತು. ಕೂಡುತ್ತದೋ ಇಲ್ಲವೋ ಎಂಬುದಕ್ಕೆ ಹಿಂದಿನ ಸಾಲಿನಲ್ಲಿ ಗೋಲಿಗಳ ಪಣ. ಒಂದು ದಿನ ಮಾತ್ರ ಗೆರೆ ಕಾರವಾರದ ಹತ್ತಿರ ನಿಂತುಬಿಟ್ಟಿತು. ಖಡು ಹಲಗೆಗೆ ಅಂಟಿಯೇ ಇದೆ, ಕೈ ನಡೆಯಲೊಲ್ಲದು. ಬೆನ್ನು ಅಲುಗಾಡಲಿಲ್ಲ. ಪಣ ಕಟ್ಟಿದವರೂ ಮಿಸುಕಲಿಲ್ಲ. ಬಹಳ ಹೊತ್ತಿನ ಮೇಲೆ ಗೆರೆ ಬೆಳಗಾಂವಿಯ ಕಡೆ ಹೊರಟಿತು. ವರ್ಗಾವಣೆಯ ಆರ್ಡರು ಆವತ್ತು ಮುಂಜಾನೆಯೇ ಅವರ ಕಿಸೆಯಲ್ಲಿತ್ತು, ಹೋಗಬೇಕಾದದ್ದು ಆ ಗೆರೆ ನಿಂತ ಜಿಲ್ಲೆಗೇ ಎಂದು ನಮಗೆ ಆಮೇಲೆ ತಿಳಿಯಿತು. ನಮ್ಮತ್ತ ತಿರುಗಿದಾಗ ಅವರ ಮುಖ ದಿನದ ಮುಖವೇ ಆಗಿತ್ತು. ಅದನ್ನು ಸರಿಮಾಡಿಕೊಳ್ಳುವಷ್ಟು ಹೊತ್ತನ್ನು ಕರಿಹಲಗೆ ಅವರಿಗೆ ಕೊಟ್ಟಿತ್ತು.

ಇಷ್ಟು ಪೀಠಿಕೆ ಯಾಕೆಂದರೆ, ನಲವತ್ತರ ನಡುಭಾಗ ದಾಟಿದ ಮೇಲೆ ನಾನೂ ಮಾಸ್ತರನಾಗಲು ಹೊರಟೆ. ಪ್ರಾಯದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಬಿ.ಎ. ಮುಗಿಸಿ ಊರಿಗೆ ಬಂದವನನ್ನು ಎರಿಹೊಲ ಹಿಡಿದುಕೊಂಡಿತು. ಮಳೆಗಾಲದಲ್ಲಿ ನಮ್ಮ ಎರಿಮಣ್ಣಿನಲ್ಲಿ ಕಾಲಿಟ್ಟವರಿಗೆ ಗೊತ್ತು. ಚಪ್ಪಲಿ ಬಿಟ್ಟು ಬರಬಹುದು, ಕಾಲು ಬರುವುದು ಕಷ್ಟ. ಹತ್ತಿ, ಹೆಸರು, ಕಡಲೆ, ಮೆಣಸಿನಕಾಯಿ ಎನ್ನುತ್ತ ಸುಗ್ಗಿಯ ಮೇಲೆ ಸುಗ್ಗಿ ಕಳೆದವು. ಮಗಳು ಕಾಲೇಜು ಸೇರಿದಳು. ಸರ್ಕಾರಿ ನೌಕರಿಯ ವಯೋಮಿತಿ ನನ್ನನ್ನು ಕಾಯದೆ ಹೊರಟುಹೋಗಿ ಎಷ್ಟೋ ಕಾಲವಾಗಿತ್ತು. ಹೀಗೆ ನೌಕರಿಯ ಆಸೆ ಪೂರ್ತಿ ಕಡಿದ ಮೇಲೆ ಬಿ.ಎಡ್. ಸೇರಲು ಯಾವ ಅಡ್ಡಿಯೂ ಉಳಿಯಲಿಲ್ಲ. ಮನೆಯವಳು ಕೇಳಿದ್ದು ಒಂದೇ ಮಾತು: "ಈ ವಯಸ್ಸಿನ್ಯಾಗ ಯಾರಿಗೆ ಕಲಸೂದೈತ್ರಿ?"

"ಕಲಸೂದಲ್ಲ, ಕಲಿಯೂದು" ಎಂದೆ.

"ಹಂಗಾರ ಹೋಗಿ ಬರ್ರಿ. ಮನ್ಯಾಗಂತೂ ಏನೂ ಕಲೀಲಿಲ್ಲ."

ಯರಗುಪ್ಪಿಯಿಂದ ಕುಂದಗೋಳ, ಕುಂದಗೋಳದಿಂದ ಹುಬ್ಬಳ್ಳಿ. ಕಲಿಯುವವರ ಪಾಲಿಗೆ ಇದು ಪುಣ್ಯದ ದಾರಿ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರ ಮುಂದೆ ಕೂತು ಕಲಿಯುತ್ತಿದ್ದರು. ಭೀಮಸೇನ ಜೋಶಿಯವರು ಗುರುಮನೆಯಲ್ಲೇ ಉಳಿದು, ನೀರು ಹೊತ್ತು, ಕಲಿತರು. ಒಂದೇ ರಾಗವನ್ನು ತಿಂಗಳುಗಟ್ಟಲೆ ತೀಡಿದ ಊರು ಅದು. ನಾನೋ ಅದೇ ದಾರಿಯಲ್ಲಿ ಉಲ್ಟಾ ಹೊರಟವನು, ಒಂದು ಇಡೀ ಪಾಠವನ್ನು ಹತ್ತು ಸ್ಲೈಡಿನಲ್ಲಿ ಮುಗಿಸುವುದನ್ನು ಕಲಿಯಲಿಕ್ಕೆ. ಕುಂದಗೋಳದಲ್ಲಿ ಬಸ್ಸು ನಿಂತಾಗಲೆಲ್ಲ ನಾನು ಕಿಟಕಿಯಿಂದ ಮುಖ ಒಳಗೆ ಎಳೆದುಕೊಳ್ಳುತ್ತಿದ್ದೆ.

ಮೊದಲ ದಿನ ವರ್ಗದೊಳಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತು "ಗುಡ್ ಮಾರ್ನಿಂಗ್ ಸರ್" ಎಂದರು. ನಾನು ನಮಸ್ಕಾರ ಮಾಡಿ, ನಡುವಿನ ದಾರಿಯಲ್ಲಿ ನಡೆದು, ಕೊನೆಯ ಬೆಂಚಿನಲ್ಲಿ ಕೂತೆ. ಪಾಪ, ಕೂಡ್ರಬೇಕೋ ಬೇಡವೋ ತಿಳಿಯದೆ ಹುಡುಗರು ಬಹಳ ಹೊತ್ತು ನಿಂತೇ ಇದ್ದರು. ಒಂದು ವಾರ 'ಸರ' ಆಗಿದ್ದೆ, ಆಮೇಲೆ 'ಕಾಕಾ' ಆದೆ. ಬಡ್ತಿ ಎಂದೇ ತಿಳಿದುಕೊಂಡೆ. ಪಾಠ ಮಾಡುವ ಉಪನ್ಯಾಸಕರು ನನ್ನ ತಮ್ಮನಿಗಿಂತ ಚಿಕ್ಕವರು. ನಾನು ಅವರಿಗೆ 'ಸರ' ಎನ್ನುವುದು, ಅವರು ನನಗೆ 'ಸರ' ಎನ್ನುವುದು. ಬಾಗಿಲಲ್ಲಿ ಎದುರಾದರೆ ನೀವು ಮುಂದ, ನೀವು ಮುಂದ ಎಂದು ಇಬ್ಬರೂ ಹೊರಗೇ ಉಳಿಯುವುದು.

ಬಿ.ಎಡ್. 2015ರಿಂದ ಎರಡು ವರ್ಷದ್ದಾಗಿದೆ. ಹೊಸ ಪಠ್ಯಕ್ರಮದಲ್ಲಿ ಐಸಿಟಿ ಎಂಬ ವಿಷಯವೂ ಇದೆ. ಕಂಪ್ಯೂಟರು, ಪ್ರೊಜೆಕ್ಟರು, ಪಿಪಿಟಿ, 2017ರ ಶಿಕ್ಷಕರ ದಿನದಂದು ಶುರುವಾದ ದೀಕ್ಷಾ ಎಂಬ ಆ್ಯಪು, ಪಠ್ಯಪುಸ್ತಕದ ಪುಟದ ಮೇಲೆ ಅಚ್ಚಾದ ಕ್ಯೂಆರ್ ಕೋಡು. ಫೋನು ಹಿಡಿದು ಆ ಚೌಕಕ್ಕೆ ತೋರಿಸಿದರೆ ಪಾಠ ತಾನೇ ಎದ್ದು ಮಾತಾಡುತ್ತದೆ. ಹುಡುಗರಿಗೆ ಇದೆಲ್ಲ ಹೊಟ್ಟೆಯಲ್ಲೇ ಬಂದ ವಿದ್ಯೆ. ನನಗೂ ಬುದ್ಧಿಗೆ ಹತ್ತುತ್ತಿತ್ತು, ಒಪ್ಪದವು ಬೆರಳುಗಳು. ನಾನು ಎಷ್ಟು ಒತ್ತಿದರೂ ಫೋನು ಮಿಸುಕದು. ರೇಶನ್ ಅಂಗಡಿಯಲ್ಲೂ ಇದೇ ಪಾಡು. ಹೆಬ್ಬೆರಳಿನ ಗೆರೆಗಳನ್ನು ಕುಡಗೋಲೂ ಹಗ್ಗವೂ ಹಂಚಿಕೊಂಡು ತಿಂದುಬಿಟ್ಟಿವೆ. ಪಕ್ಕದ ಬೆಂಚಿನ ಹುಡುಗಿ ನನ್ನ ಕೈ ಹಿಡಿದು ನೋಡಿ, "ಕಾಕಾ, ನಿಮ್ಮ ಬೆರಳ ಭಾಳ ಒಣಗ್ಯಾವ್ರಿ. ನಾಲಿಗಿಗೆ ಒಂಚೂರು ತೊಯ್ಸಿಕೊಂಡ್ ಒತ್ರಿ" ಎಂದಳು. ಅದು ಮೆಣಸಿನಕಾಯಿ ಬಿಡಿಸುವ ಕಾಲ. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ವ್ಯಾಪಾರಿಗಳು ಹೇಳುತ್ತಾರೆ. ಅವರು ದಿನವಿಡೀ ಗಿಡದಿಂದ ಬಿಡಿಸಿದವರಲ್ಲ. ಬೆರಳು ನಾಲಿಗೆಗೆ ತಾಗಿದ್ದೇ ನನ್ನ ಕಣ್ಣಲ್ಲಿ ನೀರು ಬಂತು. ಆ್ಯಪು ತೆರೆಯಿತು.

ಆಮೇಲೆ ಬಂತು ಸೂಕ್ಷ್ಮಬೋಧನೆ. 1963ರ ಸುಮಾರಿಗೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪದ್ಧತಿ. ನಮ್ಮಲ್ಲಿ ಅದಕ್ಕೆ ಗಡಿಯಾರ ಕಟ್ಟಿದ್ದಾರೆ: 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಬೋಧನೆ, 6 ನಿಮಿಷ ಮರುಹಿಮ್ಮಾಹಿತಿ, ಒಟ್ಟು 36. ಸಹಪಾಠಿಗಳೇ ಎಂಟನೆಯ ತರಗತಿಯ ಮಕ್ಕಳಾಗಿ ನಟಿಸುತ್ತಾರೆ. ಎರಡು ಮಕ್ಕಳ ತಾಯಿಯೊಬ್ಬರು ಕೈಯೆತ್ತಿ "ನೀರಿಗೆ ಹೋಗ್ಲೇನ್ರಿ ಸರ" ಎಂದಾಗ ನಾನು ಗಂಭೀರವಾಗಿ ಒಪ್ಪಿಗೆ ಕೊಡಬೇಕು. ಒಂದೊಂದು ದಿನ ಒಂದೊಂದು ಕೌಶಲ. ಕಪ್ಪುಹಲಗೆ ಬರವಣಿಗೆಯ ಕೌಶಲದ ಸರದಿ ಬಂದಾಗ, ಇದೊಂದು ನಮ್ಮ ಮನೆತನದ್ದು ಎಂದು ಉಬ್ಬಿ ಎದ್ದೆ. ಎರಡು ಸಾಲು ಬರೆದಿರಲಿಲ್ಲ, ಉಪನ್ಯಾಸಕರು ಹಿಂದಿನಿಂದ ಮೆಲ್ಲಗೆ, "ಸರ, ವರ್ಗಕ್ಕ ಬೆನ್ನ ಕೊಡಬ್ಯಾಡ್ರಿ. ಓರೆ ನಿಂತು ಬರೀರಿ, ಹುಡುಗರ ಮ್ಯಾಲ ಕಣ್ಣಿರಲಿ" ಎಂದರು. ನಿಯಮ ಸರಿಯಾದದ್ದೇ. ಓರೆ ನಿಂತೆ. ಆದರೆ ಓರೆ ನಿಂತವನ ಅಕ್ಷರವೂ ಓರೆಯಾಗುತ್ತದೆ. ಅದೂ ಹಿಮ್ಮಾಹಿತಿಯಲ್ಲಿ ಬಂತು.

ಒಬ್ಬ ಹುಡುಗ ಇಡೀ ಪಾಠವನ್ನು ಫೋನಿನಲ್ಲಿ ಹಿಡಿದು ರಾತ್ರಿ ವಾಟ್ಸ್ಆ್ಯಪಿನಲ್ಲಿ ಕಳಿಸಿದ. ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ನೋಡಿದೆ. ಮೊದಲು ಕಂಡದ್ದು ನೆತ್ತಿ. ಅಲ್ಲಿ ಇಷ್ಟು ಬಯಲಾಗಿದೆ ಎಂಬ ಸಂಗತಿಯನ್ನು ಮನೆಯವರು ಯಾವ ಸೌಜನ್ಯದಿಂದ ನನ್ನಿಂದ ಮುಚ್ಚಿಟ್ಟಿದ್ದರೋ ತಿಳಿಯದು. ಆಮೇಲೆ ಬೆನ್ನು. ಎಡಭುಜ ಒಂದಿಷ್ಟು ಕೆಳಗೆ, ಎಡಗೈ ಹಿಂದೆ ಮಡಚಿ ಅದರಲ್ಲಿ ಡಸ್ಟರು, ಪ್ರತಿ ಸಾಲಿನ ಕೊನೆಗೆ ತಲೆ ಹಿಂದಕ್ಕೆ ಸರಿಸಿ ಅಕ್ಷರಗಳನ್ನು ನೋಡಿಕೊಳ್ಳುವುದು. ನಾನು ಏನೂ ಅನ್ನಲಿಲ್ಲ. ತಾಟು ಎತ್ತಲು ಬಂದ ಮನೆಯವಳು ನನ್ನ ಹೆಗಲ ಮೇಲಿಂದ ಫೋನಿನೊಳಗೆ ಇಣುಕಿದವಳೇ, ಥಟ್ಟನೆ ಸೆರಗು ತಲೆಯ ಮೇಲೆಳೆದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಮಾವನವರು ತೀರಿಕೊಂಡು ಎಷ್ಟೋ ವರ್ಷವಾಗಿದೆ. ತಿಳಿದ ಮೇಲೆ ಅವಳಿಗೆ ಸಿಟ್ಟೇ ಬಂತು. "ಬಂದ್ ಮಾಡ್ರಿ ಅದನ್ನ" ಎಂದು ತಾಟು ತೆಗೆದುಕೊಂಡು ಒಳಗೆ ಹೋದಳು. ಸೆರಗು ಮಾತ್ರ ತಲೆಯ ಮೇಲೆಯೇ ಇತ್ತು.

ಅಪ್ಪ ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ತಯಾರಾದ ಮಾಸ್ತರು. ಡೆಪ್ಯುಟಿ ಚನ್ನಬಸಪ್ಪನವರ ಕಾಲದಿಂದ ಬಂದ ಪರಂಪರೆ ತಮ್ಮದು ಎಂಬ ಜಂಬ ಅವರಿಗೆ ಕೊನೆತನಕ ಇತ್ತು. 'ಜೀವನ ಶಿಕ್ಷಣ' ಮಾಸಪತ್ರಿಕೆಯ ಸಂಚಿಕೆಗಳನ್ನು ದಾರ ಪೋಣಿಸಿ ಅಟ್ಟದ ಮೇಲೆ ಇಟ್ಟಿದ್ದರು. ಯಂತ್ರಗಳ ವಿಷಯದಲ್ಲಿ ಅವರು ನನಗಿಂತ ಮುಂದಿದ್ದರೆಂದು ಈಗ ಅನಿಸುತ್ತದೆ. 1975ರ ಆಗಸ್ಟಿನಿಂದ ಒಂದು ವರ್ಷ ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ದೇಶದ 2,400 ಹಳ್ಳಿಗಳಿಗೆ ಟಿವಿ ಪಾಠ ಕಳಿಸಿದರಲ್ಲ, ಆಗ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ಅದು ಬಂತು. ಧಾರವಾಡ ಜಿಲ್ಲೆಗೆ ಇಲ್ಲ. ಉಪಗ್ರಹ ನಮ್ಮ ತಲೆಯ ಮೇಲೆಯೇ ಹೋಗುತ್ತದೆ, ಇಳಿಯುವುದು ಮಾತ್ರ ವಿಜಾಪುರಕ್ಕೆ ಎಂದು ಅಪ್ಪ ನಾನು ಬುದ್ಧಿ ಬಲಿತ ಮೇಲೂ ಗೊಣಗುತ್ತಿದ್ದರು. 1987ರಲ್ಲಿ ದಿಲ್ಲಿಯಿಂದ ಆಪರೇಶನ್ ಬ್ಲ್ಯಾಕ್‌ಬೋರ್ಡ್ ಬಂತು: ಸಾಲಿಗೆ ಕನಿಷ್ಠ ಎರಡು ಕೋಣೆ, ಇಬ್ಬರು ಮಾಸ್ತರು, ಹಲಗೆ, ನಕಾಶೆ. ಬೋರ್ಡಿಗೆ ಆಪರೇಶನ್ ಎಂದು ಕೇಳಿದ ನಮ್ಮಜ್ಜಿ, "ಹುಬ್ಬಳ್ಳಿ ಕೆಎಂಸಿಯಾಗೇನು?" ಎಂದು ಮರುಗಿದಳು.

ಅಪ್ಪನ ಯಂತ್ರವೆಂದರೆ ರೇಡಿಯೋ. 1950ರ ಜನವರಿ 8ರಂದು ಶುರುವಾದ ಧಾರವಾಡ ಆಕಾಶವಾಣಿ ಅವರಿಗೆ ನೆರೆಮನೆಯಷ್ಟು ಬಳಕೆ. ಶಾಲಾಪಾಠ ಬರುವ ದಿನ ಸೆಲ್ಲುಗಳನ್ನು ಮುಂಜಾನೆಯಿಂದ ಬಿಸಿಲಿಗಿಟ್ಟು, ಸೈಕಲ್ಲಿನ ಕ್ಯಾರಿಯರಿಗೆ ರೇಡಿಯೋ ಕಟ್ಟಿಕೊಂಡು ತಮ್ಮ ಸಾಲಿಗೆ ಹೋಗುತ್ತಿದ್ದರು. ರಜೆಯಿದ್ದಾಗ ಒಮ್ಮೊಮ್ಮೆ ನಾನೂ ಮುಂದಿನ ದಂಡಿಗೆಯ ಮೇಲೆ. ಟೇಬಲ್ಲಿನ ಮೇಲೆ ರೇಡಿಯೋ ಇಟ್ಟು, ಕಿವಿ ತಿರುವಿ, ದನಿ ಸರಿಯಾದ ಮೇಲೆ ಅವರು ಕುರ್ಚಿಯಲ್ಲಿ ಕೂಡುತ್ತಿರಲಿಲ್ಲ. ಹುಡುಗರ ನಡುವೆ ದಾಟುತ್ತ ಹೋಗಿ, ಎಲ್ಲರ ಹಿಂದೆ, ಗೋಡೆಗೆ ಒರಗಿ ನೆಲದ ಮೇಲೆ ಕೂತುಬಿಡುತ್ತಿದ್ದರು. ಕುರ್ಚಿ ಇದ್ದೂ ನೆಲಕ್ಕೆ ಯಾಕೆ ಕೂಡುತ್ತಾರೆ ಎಂದು ನನಗೆ ಬೇಜಾರು. ಕೇಳಲಿಲ್ಲ.

ಎರಡನೆಯ ವರ್ಷದ ಇಂಟರ್ನ್‌ಶಿಪ್ಪಿಗೆ ನನಗೆ ಸಿಕ್ಕದ್ದು ನಮ್ಮ ಸೀಮೆಯದೇ ಒಂದು ಹಿರಿಯ ಪ್ರಾಥಮಿಕ ಶಾಲೆ. ಯಾರೋ ದಾನಿಗಳು ಕೊಟ್ಟ ಪ್ರೊಜೆಕ್ಟರಿತ್ತು. ಅದಕ್ಕೊಂದು ಬಟ್ಟೆಯ ಗವಸು ಹೊಲಿಸಿ, ಲಾಡಿ ಕಟ್ಟಿ, ಕಪಾಟಿನಲ್ಲಿಟ್ಟು, ಬೀಗದ ಕೈಯನ್ನು ಹೆಡ್ ಮಾಸ್ತರರು ಜನಿವಾರದಷ್ಟೇ ಭದ್ರವಾಗಿ ಕಾಯುತ್ತಿದ್ದರು. ಪಾಠ ಏಳನೆಯ ವರ್ಗಕ್ಕೆ, ಕರ್ನಾಟಕದ ನದಿಗಳು. ಮಗಳು ಸಹಾಯ ಮಾಡಿದ ಸ್ಲೈಡುಗಳು, ನಡುವೆ ಒಂದು ವಿಡಿಯೋ. ಕೊನೆಯ ಬೆಂಚಿನಲ್ಲಿ ವೀಕ್ಷಣಾ ಪುಸ್ತಕ ಹಿಡಿದು ನಮ್ಮ ಉಪನ್ಯಾಸಕರು.

ನಾನು ಪರದೆಯ ಮುಂದೆ ನಿಂತು ಮಾತು ತೆಗೆದದ್ದೇ ವರ್ಗ ಕಿಲಕಿಲ ಎಂದಿತು. ಮುಂದಿನ ಸಾಲಿನ ಹುಡುಗಿಯೊಬ್ಬಳು ತಡೆಯಲಾರದೆ ಎದ್ದು ನಿಂತಳು. "ಬಾಜೂಕ ಸರೀರಿ ಸರ, ಕೃಷ್ಣಾ ನದಿ ನಿಮ್ಮ ಕಿಸೇದಾಗ ಹೊಂಟೈತಿ." ನೋಡಿಕೊಂಡರೆ ನಿಜ. ಕೃಷ್ಣೆ ಕಿಸೆ ಹೊಕ್ಕಿದ್ದಳು, ಭೀಮೆ ಕನ್ನಡಕ ದಾಟುತ್ತಿದ್ದಳು, ತುಂಗಭದ್ರೆ ಹೊಟ್ಟೆಯ ಮೇಲೆ ಸಾಕಷ್ಟು ವಿಶಾಲವಾದ ಜಲಾಶಯ ಕಟ್ಟಿಕೊಂಡಿದ್ದಳು. ಸರಿದೆ. "ಇನ್ನಾ ಸರೀರಿ." ಇನ್ನೂ ಸರಿದೆ. ವಿಡಿಯೋದ ಅಕ್ಕೋರು ಮಾತಾಡಲು ತೊಡಗಿದ್ದರು. ಅವರು ಮಾತಾಡುವಾಗ ನಾನು ನಡುವೆ ಬಾಯಿ ಹಾಕುವುದು ಶೋಭೆಯಲ್ಲ. ಸರಿಯುತ್ತ ಸರಿಯುತ್ತ ಹಿಂದಿನ ಗೋಡೆಗೆ ಬಂದು ನಿಂತೆ.

ಹುಡುಗರು ನನ್ನನ್ನು ಮರೆತೇಬಿಟ್ಟರು. ಎಲ್ಲ ಬೆನ್ನುಗಳೂ ನನ್ನ ಕಡೆಗಿದ್ದವು.

ಅಲ್ಲಿಯತನಕ ಆ ವರ್ಗವೆಂದರೆ ನನಗೆ ಮುಖಗಳು: ಉತ್ತರ ಗೊತ್ತಿದ್ದ ಮುಖ, ಗೊತ್ತಿಲ್ಲದ ಮುಖ, ಗೊತ್ತಿದೆ ಎಂದು ನಟಿಸುವ ಮುಖ. ಮಾಸ್ತರರ ಎದುರು ಮಕ್ಕಳು ಎಷ್ಟು ತಯಾರಾಗಿ ಕೂತಿರುತ್ತಾರೆಂಬುದು ಹಿಂದೆ ನಿಂತಾಗ ಗೊತ್ತಾಯಿತು. ಒಬ್ಬಳ ಎರಡು ಜಡೆಗಳಲ್ಲಿ ಒಂದಕ್ಕೆ ರಿಬ್ಬನ್ನು, ಇನ್ನೊಂದಕ್ಕೆ ಹಳೆಯ ಸೀರೆಯ ದಡಿ. ಒಬ್ಬನ ಅಂಗಿಯ ಹೆಗಲು ಹರಿದದ್ದನ್ನು ಕರಿ ದಾರದಲ್ಲಿ, ದೊಡ್ಡ ದೊಡ್ಡ ಹೊಲಿಗೆ ಹಾಕಿ ಕೂಡಿಸಿದೆ; ಹೊಲಿದ ಕೈ ಹೆಂಗಸರದಲ್ಲ, ಅವನಪ್ಪನದೋ ಅವನದೋ ಇರಬೇಕು. ದಿನವೂ ವರ್ಗವನ್ನು ತಲೆಕೆಳಗು ಮಾಡುವ ಪುಂಡನ ಕುತ್ತಿಗೆ ಇಷ್ಟು ತೆಳ್ಳಗಿದೆಯೆಂದು ಎದುರಿನಿಂದ ಯಾರು ಊಹಿಸಿಯಾರು? ಇನ್ನೊಬ್ಬನ ಕಾಲರಿಗೆ ಮೆಣಸಿನಕಾಯಿಯ ಬೀಜಗಳು ಅಂಟಿಕೊಂಡಿದ್ದವು. ನಸುಕಿನಲ್ಲಿ ಕಣದಿಂದ ನೇರ ಸಾಲಿಗೆ ಬಂದಿದ್ದಾನೆ. ಅವನು ಕೂತಲ್ಲೇ ನಿದ್ದೆ ಹೋಗಿದ್ದ. ಬೀಳದ ಹಾಗೆ ಪಕ್ಕದ ಹುಡುಗ ಒಂದು ಅಂಗೈಯನ್ನು ಅವನ ಬೆನ್ನಿಗೆ ಆನಿಸಿಟ್ಟು, ಪರದೆಯ ಮೇಲೆ ಕಾವೇರಿಯ ಉಪನದಿಗಳನ್ನು ನೋಡುತ್ತಿದ್ದ. ಕೈ ಸೋತಾಗ ಇನ್ನೊಂದು ಕೈ ಬದಲಾಯಿಸಿದ. ಅವರಿಬ್ಬರೂ ಬದ್ಧವೈರಿಗಳೆಂದು ಹೆಡ್ ಮಾಸ್ತರರು ನನಗೆ ಮೊದಲೇ ಎಚ್ಚರಿಕೆ ಕೊಟ್ಟಿದ್ದರು.

ಪ್ರೊಜೆಕ್ಟರಿನ ಫ್ಯಾನು ಬುಸುಗುಟ್ಟುತ್ತಿತ್ತು. ಹೊಸ ಯಂತ್ರ ಮಾಸ್ತರನ ಜಾಗ ಕಸಿಯುತ್ತದೆ ಎಂದು ನಮ್ಮಲ್ಲಿ ಬಹಳ ಜನ ಹೇಳುತ್ತಾರೆ. ಕಸಿಯುತ್ತದೆ, ಸುಳ್ಳಲ್ಲ, ಹಲಗೆಯ ಮುಂದಿನ ಜಾಗ ಕಸಿದುಕೊಂಡು ನನಗೆ ಗೋಡೆಯ ಹತ್ತಿರದ ಜಾಗ ಕೊಟ್ಟಿತು. ಅಪ್ಪ ಯಾರೂ ದಬ್ಬದೆ, ಬರೀ ಒಂದು ರೇಡಿಯೋದ ನೆಪ ಹಿಡಿದು ಬಂದು ಕೂಡುತ್ತಿದ್ದ ಜಾಗ.

ಅಷ್ಟರಲ್ಲಿ ಆ ತೆಳ್ಳಗಿನ ಕುತ್ತಿಗೆ ನನ್ನತ್ತ ತಿರುಗಿತು. "ಸರ, ಇದರಾಗ ನಮ್ಮ ಬೆಣ್ಣಿಹಳ್ಳ ಎಲ್ಲೈತ್ರಿ?"

ವಿಡಿಯೋದಲ್ಲಿ ಬೆಣ್ಣಿಹಳ್ಳ ಇರಲಿಲ್ಲ. ವರ್ಷದ ಬಹುಪಾಲು ಕಾಲು ತೊಯ್ಯದ ಹಾಗೆ ದಾಟಬಹುದಾದ, ಮಳೆ ಬಿದ್ದರೆ ಹೊಲ, ದಾರಿ, ಬಸ್ಸು ಎಲ್ಲವನ್ನೂ ನಿಲ್ಲಿಸಿಬಿಡುವ ನಮ್ಮ ಹಳ್ಳಕ್ಕೆ ಅಕ್ಕೋರ ನಕಾಶೆಯಲ್ಲಿ ಒಂದು ಕೂದಲೆಳೆಯ ಗೆರೆಯೂ ಸಿಕ್ಕಿರಲಿಲ್ಲ. ನಾನು ಮುಂದೆ ಬಂದೆ. ವಿಡಿಯೋ ನಿಲ್ಲಿಸುವ ಬಟನ್ನು ಹುಡುಕುತ್ತಿರುವಾಗ ಕರೆಂಟೇ ಹೋಗಿ ಉಪಕಾರ ಮಾಡಿತು. ಪರದೆ ಮೇಲಕ್ಕೆ ಸುತ್ತಿದರೆ ಹಿಂದೆ ಕರಿಹಲಗೆ ಇದ್ದಲ್ಲೇ ಇತ್ತು. ಖಡುವಿಗೆ ಬೆರಳಿನ ಗೆರೆ ಬೇಕಿಲ್ಲ. ಶಿಗ್ಗಾವಿ ಸೀಮೆಯಲ್ಲಿ ಹುಟ್ಟಿಸಿ, ಕುಂದಗೋಳದ ಎರಿಹೊಲಗಳಲ್ಲಿ ಹರಿಸಿ, ನವಲಗುಂದದ ಕಡೆ ಒಯ್ದು, ಮಲಪ್ರಭೆಗೆ ಕೂಡಿಸಿದೆ. ಮಲಪ್ರಭೆಯನ್ನು ಕೂಡಲಸಂಗಮದಲ್ಲಿ ಕೃಷ್ಣೆಗೆ ಮುಟ್ಟಿಸಿದೆ. ದಂಡೆಯ ಊರುಗಳನ್ನು ಹುಡುಗರೇ ಕೂಗಿ ಹೇಳಿದರು. ಪೂರ್ತಿ ತಿರುಗಿ ನಿಂತೇ ಬರೆದೆ. ಬೆನ್ನಿನ ಹಿಂದೆ ಏನೋ ಕೈಯಿಂದ ಕೈಗೆ ದಾಟಿದ ಸಪ್ಪಳವಾಯಿತು, ನಾನು ಬೇಕೆಂದೇ ಊರುಗಳ ಹೆಸರನ್ನು ಇನ್ನಷ್ಟು ದುಂಡಗೆ ಬರೆದೆ.

ಪಾಠ ಮುಗಿದ ಮೇಲೆ ಉಪನ್ಯಾಸಕರು ವೀಕ್ಷಣಾ ಪುಸ್ತಕ ಹಿಡಿದುಕೊಂಡು ಚಹಾಕ್ಕೆ ಕೂತರು. ಐಸಿಟಿ ಬಳಕೆ ತೃಪ್ತಿಕರ ಎಂದಿತ್ತು. ಅದರ ಕೆಳಗೆ: 'ಪ್ರಶಿಕ್ಷಣಾರ್ಥಿಯು ಪಾಠದ ಮೊದಲರ್ಧ ತರಗತಿಯ ಹಿಂಭಾಗದಲ್ಲಿದ್ದರು. ಉಳಿದರ್ಧ ತರಗತಿಗೆ ಬೆನ್ನು ಮಾಡಿದ್ದರು.'

"ತಪ್ಪ ತಿಳೀಬ್ಯಾಡ್ರಿ ಸರ" ಎಂದರು, "ಹಿಂದ ಹೋಗಿ ನಿಂತು ಏನ್ ಮಾಡಾಕತ್ತಿದ್ರಿ?"

"ಹುಡುಗರನ್ನ ನೋಡಾಕತ್ತಿದ್ದೆ ಸರ."

ಅವರು ಹಾಳೆ ತಿರುವಿ, ಮತ್ತೆ ಹಿಂದೆ ತಿರುವಿ ನೋಡಿದರು. "ಇದರಾಗ ಅದಕ್ಕ ಕಾಲಮ್ಮ ಇಲ್ಲಲ್ರಿ" ಎಂದು ನಿಜವಾದ ವ್ಯಥೆಯಿಂದ ಹೇಳಿ, ಪೆನ್ನಿನ ಟೊಪ್ಪಿಗೆ ಕಚ್ಚುತ್ತ ಸ್ವಲ್ಪ ಹೊತ್ತು ಯೋಚಿಸಿದರು. "ಇರಲಿ ಬಿಡ್ರಿ, 'ಇತರೆ' ಅನ್ನೂದರಾಗ ಅರ್ಧ ಮಾರ್ಕ್ ಹಾಕ್ತೀನಿ."